ಪದ್ಮಿನಿ ಕೆಲಸ: ಸಂದಿಗೆ ಸೀಸವೋ, ಪುಟ್ಟಿಯೋ, ಸೀಲರೋ

ನನ್ನ ಹಳೆ ಪ್ರೀಮಿಯರ್ ಪದ್ಮಿನಿ ಕಾರಿನ ಹಿಂದಿನ ಬಲಗಡೆಯ ಪ್ಯಾನೆಲ್ಲಿನ ಹಳೆ ಪುಟ್ಟಿಯನ್ನೆಲ್ಲ (ತಗ್ಗು ತುಂಬುವ ಮೆತ್ತನೆ ಲೇಪ, ಒಣಗಿದರೆ ಗಟ್ಟಿ) ಕಿತ್ತಾಯಿತು. ಉಳಿ ಇಟ್ಟು ಏಟು ಹಾಕಿದರೆ ಅಂಗೈ ಅಗಲದ ಹಕ್ಕಳೆಗಳಾಗಿ ಎದ್ದು ಬಂತು. ಕೆಲವು ಕಡೆ ದಪ್ಪ ಹತ್ತು ಮಿಲಿಮೀಟರಿಗೆ ಹತ್ತಿರ. ಹಿಂದೆ ಯಾವುದೋ ಗ್ಯಾರೇಜಿನವರು ಹೊಸ ಪತ್ರಾವನ್ನು (ಕಬ್ಬಿಣದ ತಗಡು) ಹಳೆಯದರ ಮೇಲೆ ಏರಿಸಿ, ಅಲ್ಲೊಂದು ಇಲ್ಲೊಂದು ವೆಲ್ಡಿಂಗ್ ಚುಕ್ಕಿ ಹಾಕಿ, ಮೇಲೆ ಪುಟ್ಟಿ ಬಳಿದು ಕೈ ತೊಳೆದುಕೊಂಡಿದ್ದಾರೆ. ಪೇಂಟಿನ ಮೇಲೆ ಗೆರೆ ಎಳೆದ ಹಾಗೆ ಕಾಣುತ್ತಿದ್ದ ಬಿರುಕು ಸರಿಯಾಗಿ ಆ ಜೋಡಿನ ಮೇಲೆಯೇ ಇತ್ತು. ಅದರಿಂದ ನೀರು ಇಳಿದು ಎರಡು ಪತ್ರಾಗಳ ನಡುವೆ ಜಂಗು ತಿಂದಿದೆ.

ಇದರಲ್ಲಿ ಪುಟ್ಟಿಯ ತಪ್ಪೇನೂ ಇಲ್ಲ. ಪದ್ಮಿನಿಗೆ ಬೇರೆ ಚಾಸಿ, ಅಂದರೆ ಬಾಡಿಯ ಕೆಳಗೆ ಭಾರ ಹೊರುವ ಚೌಕಟ್ಟು, ಇಲ್ಲ. ಫಿಯೆಟ್ 1100 ಆಗಿದ್ದಾಗಲೂ ಇರಲಿಲ್ಲ, 1974ರಲ್ಲಿ ಪದ್ಮಿನಿ ಎಂಬ ಹೆಸರು ಬಂದ ಮೇಲೂ ಇಲ್ಲ. ಭಾರ ಹೊರುವುದು ಬಾಡಿಯೇ. ತಗ್ಗು ದಿನ್ನೆ ಬಂದಾಗಲೆಲ್ಲ ಅದು ತುಸು ತಿರುಚುತ್ತದೆ, ಪೂರ್ತಿ ವೆಲ್ಡ್ ಆಗದ ಜೋಡು ಅಲುಗುತ್ತದೆ. ಗಟ್ಟಿಯಾದ ಪಾಲಿಯೆಸ್ಟರ್ ಪುಟ್ಟಿಗೆ ಆ ಅಲುಗಾಟ ತಡೆಯುವುದಿಲ್ಲ, ಒಡೆಯುತ್ತದೆ. ನಮ್ಮ ಹುಬ್ಬಳ್ಳಿಯ ರಸ್ತೆಗಳ ಬಗ್ಗೆ ಇಲ್ಲಿ ಏನೂ ಹೇಳುವುದಿಲ್ಲ.

ಹಾಗಾಗಿ ಸಾಮಾನು ತರುವ ಮೊದಲು ಸುಣ್ಣದ ಕಡ್ಡಿ ಹಿಡಿದು ಇಡೀ ಬಾಡಿ ಸುತ್ತು ಹಾಕಿದೆ. ಕಣ್ಣಿಗೆ ಕಾಣಬಾರದ, ಮೊದಲು ಪೂರ್ತಿ ವೆಲ್ಡ್ ಮಾಡಬೇಕಾದ ಜೋಡುಗಳಿಗೆ ‘ಸೀ’, ಅಂದರೆ ವೆಲ್ಡಿನ ಮೇಲೆ ಕಾಯಿಸಿ ತುಂಬುವ ಸೀಸ. ಜೋಡು ಜೋಡಾಗಿಯೇ ಉಳಿಯುವ, ಅಲುಗುವ ಕಡೆಗಳಿಗೆ ‘ರ’, ಅಂದರೆ ರಬ್ಬರಿನಂಥ ಸೀಲರು. ಬರೀ ತಗ್ಗು, ಸುತ್ತಿಗೆ ಗುರುತು ಇರುವಲ್ಲಿ ‘ಪು’, ಅಂದರೆ ಪುಟ್ಟಿ. ಪೇಂಟಿಂಗ್ ಮಾಡುವ ಚಾಚಾ ನೋಡಿ ನಕ್ಕರು. ಅವರ ಲೆಕ್ಕದಲ್ಲಿ ಎಲ್ಲವೂ ‘ಪು’.

ಮೊದಲು ಸೀಸದ ಕಥೆ, ಯಾಕೆಂದರೆ ಹೆಚ್ಚು ಓಡಾಡಿಸಿದ್ದು ಅದೇ. ರೇಡಿಯೋ ರಿಪೇರಿ ಅಂಗಡಿಯಲ್ಲಿ ಸಿಗುವ ಬೆಸುಗೆಯ ಸೋಲ್ಡರಿನಲ್ಲಿ ತವರ 60, ಸೀಸ 40. ಅದು 183 ಡಿಗ್ರಿಗೆ ಮೆತ್ತಗಾಗಿ 190ಕ್ಕೆಲ್ಲ ಪೂರ್ತಿ ನೀರಾಗುತ್ತದೆ. ನಿಂತ ಪ್ಯಾನೆಲ್ಲಿಗೆ ಹಚ್ಚಿದರೆ ಜಾರಿ ನೆಲಕ್ಕೆ. ಬಾಡಿ ಕೆಲಸಕ್ಕೆ ಬೇಕಾದದ್ದು ಸೀಸ 70, ತವರ 30 ಇರುವ ಮಿಶ್ರಣ. ಇದೂ 183ಕ್ಕೇ ಮೆತ್ತಗಾಗಲು ಶುರುವಾದರೂ ನೀರಾಗುವುದು ಸುಮಾರು 255ಕ್ಕೆ. ನಡುವಿನ ಎಪ್ಪತ್ತು ಡಿಗ್ರಿಯಲ್ಲಿ ಅದು ಬೆಣ್ಣೆಯ ಹದದಲ್ಲಿ ಇರುತ್ತದೆ, ಕಟ್ಟಿಗೆಯಿಂದ ಒತ್ತಿ ಬೇಕಾದ ಆಕಾರಕ್ಕೆ ತರಬಹುದು.

ತವರಕ್ಕಾಗಿ ಕಂಚಗಾರ ಗಲ್ಲಿಯ ಕಡೆ ಹೋದಾಗ ಪಾತ್ರೆಗಳಿಗೆ ಕಲಾಯಿ (ತವರದ ಲೇಪ) ಮಾಡುವ ಹಿರಿಯರೊಬ್ಬರ ಪರಿಚಯವಾಯಿತು. ಕಾರಿಗೆ ಕಲಾಯಿ ಅಂದಾಗ ಮೊದಲು ಚೇಷ್ಟೆ ಅಂದುಕೊಂಡರು. ಸೀಸ ಬೆರೆಸಿ ಕಡ್ಡಿ ಎರಕ ಹೊಯ್ದು ಕೊಡ್ತೀರಾ ಅಂದದ್ದಕ್ಕೆ ಮುಖ ಗಂಟಾಯಿತು. “ನೋಡ್ರಿ ಸರ, ಸೀಸಾ ನನ್ನ ಒಲಿ ಹತ್ರ ತರಬ್ಯಾಡ್ರಿ. ಈ ಪಾತೇಲ್ಯಾಗ ಮಂದಿ ಅಡಗಿ ಮಾಡ್ತಾರ.” ನೂರಕ್ಕೆ ನೂರು ಸರಿ. ಕಡ್ಡಿಗಳನ್ನು ನಾನೇ ಬಯಲಿನಲ್ಲಿ, ಅದಕ್ಕೆಂದೇ ಇಟ್ಟ ಕಬ್ಬಿಣದ ಸೌಟಿನಲ್ಲಿ ಮಾಡಿಕೊಂಡೆ. ಆದರೆ ಪತ್ರಾಕ್ಕೆ ಮೊದಲ ತವರದ ಪದರ ಕೊಡಲು ಅವರೇ ಗೋಕುಲ ರೋಡಿನ ಶೆಡ್ಡಿಗೆ ಬಂದರು.

ಆ ಕೈಚಳಕ ನೋಡಬೇಕು. ಮಿರಮಿರ ಹೊಳೆಯುವ ಹಾಗೆ ತಿಕ್ಕಿದ ಪತ್ರಾವನ್ನು ಬರ್ನರಿನಿಂದ ಕಾಯಿಸಿ, ನವಸಾಗರದ ಪುಡಿಯಲ್ಲಿ ಅದ್ದಿದ ಹತ್ತಿಯನ್ನು ಎಳೆದರು. ಬಿಳಿ ಹೊಗೆ ಏಳುತ್ತಿದ್ದ ಹಾಗೆಯೇ ತವರದ ಕಡ್ಡಿ ಮುಟ್ಟಿಸಿ, ಅದೇ ಹತ್ತಿಯಿಂದ ಒಂದೇ ಬೀಸಿಗೆ ಒರೆಸಿದರು. ಜೋಡಿನ ಉದ್ದಕ್ಕೂ ಬೆಳ್ಳಿ ಬಣ್ಣ ಹರಿಯಿತು. ತವರ ಹಿಡಿಯದ ಕಡೆ ಕಪ್ಪು ಚುಕ್ಕಿ ಉಳಿದರೆ ಅಲ್ಲಿ ಸೀಸವೂ ನಿಲ್ಲುವುದಿಲ್ಲ, ಮತ್ತೆ ತಿಕ್ಕಬೇಕು.

ಮುಂದಿನದು ನನ್ನ ಪಾಲಿಗೆ. ಜೇನುಮೇಣ ಕುಡಿಸಿದ ಸಾಗವಾನಿ ಪಟ್ಟಿಯಿಂದ ಸೀಸವನ್ನು ಒತ್ತಿ ಹರಡಿದೆ. ಮೇಣ ಇಲ್ಲದಿದ್ದರೆ ಸೀಸ ಕಟ್ಟಿಗೆಗೇ ಅಂಟುತ್ತದೆ. ಉರಿಯನ್ನು ಒಂದೇ ಕಡೆ ನಿಲ್ಲಿಸುವ ಹಾಗಿಲ್ಲ, ಪತ್ರಾ ಡೊಂಕಾಗುತ್ತದೆ. ತಣ್ಣಗಾದ ಮೇಲೆ ಅಡುಗೆ ಸೋಡಾ ಕಲಸಿದ ನೀರಿನಿಂದ ತೊಳೆದು, ನಂತರ ಬರೀ ನೀರಿನಿಂದ ತೊಳೆದು, ಬಿಸಿ ಗಾಳಿ ಕೊಟ್ಟು ಒಣಗಿಸಬೇಕು. ನವಸಾಗರದ ಅಂಶ ಉಳಿದರೆ ಪೇಂಟಿನ ಕೆಳಗಿಂದಲೇ ಜಂಗು. ತೆರೆದ ಜೋಡಿಗೆ ಸೀಸ ಹಾಕಬಾರದು ಅನ್ನುವುದೂ ಇದಕ್ಕೇ: ಎರಡು ಪತ್ರಾಗಳ ನಡುವೆ ಸೇರಿದ ನವಸಾಗರವನ್ನು ಯಾರೂ ತೊಳೆದು ತೆಗೆಯಲಾರರು.

ಸೀಸವನ್ನು ಒರಟು ಅರದಿಂದ ಮಾತ್ರ ಇಳಿಸಿದ್ದೇನೆ. ಗ್ರೈಂಡರು, ಪಾಲಿಶ್ ಪೇಪರು ಎರಡೂ ಬೇಡ, ವಿಷ ಇರುವುದು ಆ ಧೂಳಿನಲ್ಲಿ. ಕೆಳಗೆ ಪೇಪರ್ ಹಾಸಿ ಅರದ ಪುಡಿಯನ್ನೆಲ್ಲ ಡಬ್ಬಿಗೆ ತುಂಬಿದೆ. ಕೈ ತೊಳೆಯದೆ ಚಹಾ ಮುಟ್ಟುವಂತಿಲ್ಲ, ಮಕ್ಕಳಿಗೆ ಶೆಡ್ಡಿನೊಳಗೆ ಪ್ರವೇಶವಿಲ್ಲ.

ಪುಟ್ಟಿಯನ್ನು ಪೂರ್ತಿ ಬಿಟ್ಟಿಲ್ಲ. ‘ಪು’ ಗುರುತಿನ ಕಡೆ ಎಪಾಕ್ಸಿ ಪ್ರೈಮರ್ (ಪೇಂಟಿಗೆ ಮೊದಲಿನ ಅಸ್ತರು) ಹೊಡೆದು, ಅದರ ಮೇಲೆ ತೆಳ್ಳಗೆ ಪಾಲಿಯೆಸ್ಟರ್ ಪುಟ್ಟಿ, ಎಲ್ಲೂ 3 ಮಿಲಿಮೀಟರ್ ದಾಟದ ಹಾಗೆ. ಆಸಿಡ್ ಇರುವ ಎಚ್ (etch) ಪ್ರೈಮರಿನ ಮೇಲೆ ನೇರವಾಗಿ ಪಾಲಿಯೆಸ್ಟರ್ ಹಾಕಬಾರದು, ಹಿಡಿತ ಕೆಡುತ್ತದೆ. ಪುಟ್ಟಿಯನ್ನು ಗಟ್ಟಿ ಮಾಡುವ ಹಾರ್ಡನರ್ ತೂಕದಲ್ಲಿ ನೂರಕ್ಕೆ ಸುಮಾರು 2 ಭಾಗ. ಚಾಚಾ ಕಣ್ಣಳತೆಯಲ್ಲೇ ಹಾಕುತ್ತಾರೆ, ನಾನು ತಕ್ಕಡಿ ಇಟ್ಟೆ. ನೀರು ಹಾಕಿ ತಿಕ್ಕುವ ವಾಟರ್ ಪೇಪರ್ ವಿಷಯದಲ್ಲಿ ಮಾತ್ರ ನಮ್ಮಿಬ್ಬರಿಗೆ ಹತ್ತಿಕೊಂಡಿತು.

“ನೀರ್ ಹಾಕಿ ತಿಕ್ಕಿದ್ರ ನುಣ್ಣಗ ಆಕ್ಕೈತ್ರಿ ಸರ, ಧೂಳೂ ಏಳಂಗಿಲ್ಲ.”

“ಪುಟ್ಟಿ ಮ್ಯಾಲೂ ಪ್ರೈಮರ್ ಹೊಡದ ಮ್ಯಾಲ ನೀರ್ ಹಚ್ಚೂಣು ಚಾಚಾ, ಈಗ ಬ್ಯಾಡ್ರಿ.”

ಪುಟ್ಟಿಯಲ್ಲಿರುವ ಟಾಲ್ಕ್ ಎಂಬ ಕಲ್ಲಿನ ಪುಡಿ ನೀರು ಹೀರುತ್ತದೆ. ಜಿಟಿಜಿಟಿ ಮಳೆ ಹಿಡಿದ ಈ ದಿನಗಳಲ್ಲಿ ಆ ನೀರು ಹೊರಗೆ ಬರುವುದು ಮುಂದೆ ಪೇಂಟಿನ ಗುಳ್ಳೆಯಾಗಿ. ಒಣ ಪೇಪರಿಗೇ ಚಾಚಾ ಒಪ್ಪಿದರು, ಗೊಣಗುತ್ತಲೇ.

‘ರ’ ಗುರುತಿನ ಕೆಲಸ ಬೇಗ ಆಯಿತು. ಫ್ಲೋರು, ಡಿಕ್ಕಿ, ಚಕ್ರದ ಮೇಲಿನ ಕಮಾನಿನ ಒಳಗಿನ ಜೋಡುಗಳಿಗೆ ಪಾಲಿಯುರೆಥೇನ್ ಸೀಲರ್. ಇದು ಗಾಳಿಯ ತೇವದಿಂದಲೇ ಗಟ್ಟಿಯಾಗುತ್ತದೆ, ಮಳೆಗಾಲದಲ್ಲಿ ಚರ್ಮ ಬೇಗ ಕಟ್ಟುತ್ತದೆ. ಬಚ್ಚಲಿನ ಸಿಲಿಕೋನ್ ಅಗ್ಗ ಎಂದು ಯಾರಾದರೂ ಹೇಳಿದರೆ ಕೇಳಬೇಡಿ: ಅದರ ಮೇಲೆ ಪೇಂಟ್ ನಿಲ್ಲುವುದಿಲ್ಲ, ವಿನೆಗರ್ ವಾಸನೆಯದ್ದಾದರೆ ಬಿಡುವ ಆಸಿಡ್ ಕಬ್ಬಿಣವನ್ನೇ ತಿನ್ನುತ್ತದೆ. ಚಾವಣಿ ಅಂಚಿನ ನೀರ್ಗಾಲುವೆಗೆ ಎರಡೂ ಕಡೆ ಟೇಪ್ ಅಂಟಿಸಿ, ಸೀಲರ್ ಎಳೆದು, ಚರ್ಮ ಕಟ್ಟುವ ಮೊದಲೇ ಟೇಪ್ ಕಿತ್ತೆ. ಅಂಚು ನೇರ ಬಂತು. ಬಾಗಿಲ ಕೆಳಗಿನ ಪಟ್ಟಿಯಲ್ಲಿ ನೀರು ಹೋಗುವ ತೂತುಗಳಿಗೆ ಮೊದಲೇ ಬೆಂಕಿಕಡ್ಡಿ ಸಿಕ್ಕಿಸಿದ್ದೆ, ಸೀಲರ್ ಹೋಗಿ ಮುಚ್ಚದಿರಲಿ ಎಂದು.

ಬಾಕಿ ಇರುವುದು ಬಾಗಿಲುಗಳ ಕೆಳಗಿನ ಮಡಿಕೆ, ಅಂದರೆ ಪತ್ರಾ ಮಡಚಿದ ಅಂಚು. ಅಲ್ಲಿ ಸೀಸಕ್ಕೂ ಪುಟ್ಟಿಗೂ ಜಾಗವಿಲ್ಲ. ಪ್ರೈಮರಿನ ಮೇಲೆ ಸಣ್ಣ ಗೆರೆ ಸೀಲರ್ ಎಳೆದು, ಪೇಂಟ್ ಆದ ಮೇಲೆ ಒಳಗಿನಿಂದ ಮೇಣದ ಸ್ಪ್ರೇ ಹೊಡೆಯುವುದು. ಎಡಗಡೆ ಹಿಂದಿನ ಬಾಗಿಲಿನ ಮಡಿಕೆ ಮಾತ್ರ ಕೈಯಲ್ಲೇ ಪುಡಿಯಾಗುತ್ತಿದೆ. ಅದಕ್ಕೆ ಹೊಸ ಪತ್ರಾ ಕತ್ತರಿಸಿ ಮಡಚಿ ಕೊಡಲು ಮಿಸ್ತ್ರಿಗೆ ಅಳತೆ ಕೊಟ್ಟಿದ್ದೇನೆ.