ಕೈ ಎಷ್ಟು ವರ್ಷ ಪಳಗಿರಬೇಕು ಎಂದು ಕೇಳುವವರಿಗೆ

ಸರ್ಕ್ಯುಲರ್ ಸಾ, ಅಂದರೆ ದುಂಡು ಬ್ಲೇಡಿನ ಕೈ ವಿದ್ಯುತ್ ಗರಗಸ, ಹಿಡಿದು 8 ಅಡಿಯ ಪ್ಲೈವುಡ್ ಶೀಟನ್ನು ಉದ್ದಕ್ಕೆ ಸೀಳುವುದನ್ನು ಕಂಡವರೆಲ್ಲ ನನ್ನನ್ನು ಕೇಳುವುದು ಒಂದೇ ಪ್ರಶ್ನೆ: 'ಇಷ್ಟು ನೇರವಾಗಿ ಕತ್ತರಿಸಲು ಕೈ ಎಷ್ಟು ವರ್ಷ ಪಳಗಿರಬೇಕು?' ಮೆಚ್ಚಿಕೊಂಡೇ ಕೇಳುತ್ತಾರೆ. ಆದರೂ ನನಗೆ ರೇಗುತ್ತದೆ. 8 ಅಡಿ ದೂರ ಯಾರ ಕೈಯೂ ನೇರ ಹೋಗುವುದಿಲ್ಲ, ನನ್ನದೂ ಹೋಗುವುದಿಲ್ಲ. ಯಂತ್ರದ ತಳವು ಒರಗಿಕೊಂಡು ಸಾಗಲೆಂದು ಒಂದು ನೇರ ಪಟ್ಟಿಯನ್ನು ಶೀಟಿನ ಎರಡೂ ತುದಿಗಳಲ್ಲಿ ಕ್ಲಾಂಪ್ ಹಾಕಿ ಬಿಗಿದಿರುತ್ತೇನೆ. ಆ ಪಟ್ಟಿ ಕೇಳುವವರ ಕಣ್ಣೆದುರೇ ಇರುತ್ತದೆ, ಆದರೆ ಅವರು ನೋಡುವುದು ನನ್ನ ಮಣಿಕಟ್ಟನ್ನು.

ಆ ಪಟ್ಟಿಯನ್ನು ಯಾರು ಬೇಕಾದರೂ ಮಾಡಿಕೊಳ್ಳಬಹುದು. 6 ಮಿ.ಮೀ. ದಪ್ಪದ ಅಗಲವಾದ ಹಲಗೆಯ ಮೇಲೆ ನೇರ ಅಂಚಿನ ಇನ್ನೊಂದು ಪಟ್ಟಿಯನ್ನು ಅಂಟಿಸಿ, ಸ್ಕ್ರೂ ಹಾಕಿ, ಅದಕ್ಕೆ ಒತ್ತಿಕೊಂಡು ಯಂತ್ರವನ್ನು ಒಮ್ಮೆ ಓಡಿಸಿದರೆ ಕೆಳಗಿನ ಹಲಗೆಯ ಹೆಚ್ಚುವರಿ ಭಾಗವನ್ನು ಬ್ಲೇಡೇ ಕತ್ತರಿಸಿ ಹಾಕುತ್ತದೆ, ಉಳಿದ ಅಂಚು ಬ್ಲೇಡ್ ಹಾಯುವ ಜಾಗವನ್ನು ಕರಾರುವಾಕ್ಕಾಗಿ ತೋರಿಸುತ್ತದೆ. ಮುಂದೆ ಆ ಅಂಚನ್ನು ಗುರುತಿನ ಮೇಲೆ, ನಮಗೆ ಬೇಕಾದ ತುಂಡಿನ ಕಡೆಗೆ ಕೂರಿಸಿದರೆ ಸಾಕು. ಬ್ಲೇಡ್ ತಿನ್ನುವ 2 ಮಿ.ಮೀ. ಮರ ಬೇಡದ ತುಂಡಿನಿಂದಲೇ ಹೋಗುತ್ತದೆ. ಬೇರೆ ದಪ್ಪದ ಬ್ಲೇಡ್ ಹಾಕಿದರೆ ಮಾತ್ರ ಈ ಅಂಚನ್ನು ನಂಬಬಾರದು.

ಮೇಲ್ಮೈಯಲ್ಲಿ ಸಿಬಿರು ಏಳುವುದಕ್ಕೂ ಕೈಯನ್ನೇ ದೂರುತ್ತಾರೆ. ಈ ಯಂತ್ರದ ಹಲ್ಲುಗಳು ಶೀಟನ್ನು ಕೆಳಗಿನಿಂದ ಮೇಲಕ್ಕೆ ಕೊಯ್ಯುವುದರಿಂದ ಸಿಬಿರು ಏಳುವುದು ಮೇಲುಗಡೆಯೇ. ಆದ್ದರಿಂದ ಚೆಂದದ ಮುಖವನ್ನು ಕೆಳಗೆ ಮಾಡಿ ಮಲಗಿಸಬೇಕು, ಸುಮಾರು 184 ಮಿ.ಮೀ. ಬ್ಲೇಡಿನಲ್ಲಿ 24ರ ಬದಲು 40 ಅಥವಾ ಹೆಚ್ಚು ಹಲ್ಲುಗಳಿರುವುದನ್ನು ಹಾಕಬೇಕು.

ಟೇಬಲ್ ಸಾ (ಮೇಜಿನಿಂದ ಮೇಲೆ ಚಾಚಿದ ಬ್ಲೇಡಿನ ಮೇಲೆ ಮರವನ್ನೇ ಸರಿಸಿ ಕೊಯ್ಯುವ ಯಂತ್ರ) ಇಲ್ಲದೆ ಇದೆಲ್ಲ ಸಾಧ್ಯವೇ ಎಂಬ ಉಪಪ್ರಶ್ನೆಗೆ ಉತ್ತರ ಚಿಕ್ಕದು. 18 ಮಿ.ಮೀ. ದಪ್ಪದ ಇಡೀ ಶೀಟು 30 ಕಿಲೋ ಆಸುಪಾಸು ತೂಗುತ್ತದೆ. ಒಬ್ಬರೇ ಅದನ್ನು ಯಂತ್ರದ ಮೇಲೆ ಸರಿಸುವುದಕ್ಕಿಂತ ಯಂತ್ರವನ್ನು ಅದರ ಮೇಲೆ ಸರಿಸುವುದು ಸುಲಭ.

ನಾನು ಕಾಯುತ್ತಿರುವ ಪ್ರಶ್ನೆ ಬೇರೆ: 'ಕೊನೆಯ ಅರ್ಧ ಅಡಿಯಲ್ಲಿ ಶೀಟನ್ನು ಹೊತ್ತಿರುವುದು ಯಾವುದು?' ಇದನ್ನು ಇದುವರೆಗೆ ಯಾರೂ ಕೇಳಿಲ್ಲ. ನನಗೂ ಯಾರೂ ಹೇಳಿರಲಿಲ್ಲ. ಮೊದಲ ಬಾರಿ ಕಪಾಟಿನ ಪಕ್ಕದ ಹಲಗೆಗಾಗಿ ಶೀಟಿನ ಎರಡು ತುದಿಗಳನ್ನು ಎರಡು ಸ್ಟೂಲುಗಳ ಮೇಲಿಟ್ಟು ನಡುವೆ ಅಡ್ಡಲಾಗಿ ಕತ್ತರಿಸತೊಡಗಿದೆ. ಅಳತೆ ಸರಿಯಿತ್ತು, ಪಟ್ಟಿ ಬಿಗಿಯಾಗಿತ್ತು. ಮುಗಿಯಲು ಗೇಣುದ್ದ ಉಳಿದಿರುವಾಗ ನಡುಭಾಗ ಕುಸಿದು, ಸೀಳು ಮೇಲಿನಿಂದ ಮುಚ್ಚಿಕೊಂಡು ಬ್ಲೇಡನ್ನು ಕಚ್ಚಿ ಹಿಡಿಯಿತು. ಮರುಕ್ಷಣವೇ ಯಂತ್ರ ಶೀಟಿನಿಂದ ಮೇಲೆದ್ದು ನನ್ನತ್ತ ಹಾರಿತು. ನಾನು ಬ್ಲೇಡಿನ ನೇರಕ್ಕೆ ನಿಲ್ಲದೆ ಒಂದು ಪಕ್ಕಕ್ಕೆ ನಿಂತಿದ್ದೆ. ಅಷ್ಟರಿಂದಲೇ ತೊಡೆ ಉಳಿಯಿತು. ಹಲಗೆಯ ಅಂಚಿನಲ್ಲಿ ಕಮಾನಿನಂಥ ಒಂದು ಗಾಯ ಉಳಿಯಿತು. ಇದಕ್ಕೂ ಕೈ ಪಳಗಿರುವುದಕ್ಕೂ ಏನು ಸಂಬಂಧ? ಎಷ್ಟೇ ಪಳಗಿದ ಕೈಯಾದರೂ ಆ ಎರಡು ಸ್ಟೂಲುಗಳ ನಡುವೆ ಶೀಟು ಕುಸಿಯುತ್ತಲೇ ಇತ್ತು.

ಈಗ ನಾನು ಶೀಟನ್ನು ನೆಲದಲ್ಲೇ, 2 ಅಂಗುಲ ದಪ್ಪದ ಫೋಮ್ ಹಲಗೆಯ ಮೇಲೆ ಮಲಗಿಸುತ್ತೇನೆ. ಬ್ಲೇಡಿನ ಆಳವನ್ನು ಶೀಟು ಮತ್ತು ಅದರ ಮೇಲಿನ ಪಟ್ಟಿಯ 6 ಮಿ.ಮೀ. ತಳಹಲಗೆ ಎರಡರ ಒಟ್ಟು ದಪ್ಪಕ್ಕಿಂತ 5 ಮಿ.ಮೀ. ಮಾತ್ರ ಹೆಚ್ಚಿಗೆ ಇಟ್ಟರೆ ಅದು ಫೋಮನ್ನು ಗೀರುತ್ತದೆಯೇ ಹೊರತು ನೆಲವನ್ನು ಮುಟ್ಟುವುದಿಲ್ಲ. ಬೇಕಾದ ತುಂಡಿಗೂ ಬೇಡದ ತುಂಡಿಗೂ ಉದ್ದಕ್ಕೂ ಆಸರೆ ಇರುತ್ತದೆ, ದೂರದ ತುದಿ ಕೈಗೆ ಎಟುಕದಿದ್ದರೆ ಶೀಟಿನ ಮೇಲೆಯೇ ಮಂಡಿಯೂರಿ ಮುಂದುವರಿಯಬಹುದು. ತುದಿ ಮುಟ್ಟಿದ ಮೇಲೆ ಗುಂಡಿ ಬಿಟ್ಟು, ಬ್ಲೇಡ್ ಪೂರ್ತಿ ನಿಂತ ಬಳಿಕವೇ ಯಂತ್ರ ಎತ್ತುತ್ತೇನೆ. ಅಷ್ಟು ಹೊತ್ತಿಗೂ ಎರಡು ತುಂಡುಗಳು ಇದ್ದಲ್ಲೇ ಇರುತ್ತವೆ, ನಡುವೆ ಬ್ಲೇಡಿನಷ್ಟೇ ಅಗಲದ ಸಂದು ಬಿಟ್ಟುಕೊಂಡು.