ಮೀಕ್ಟಿಲಾದಲ್ಲಿ ಉಳಿದ ದೊಡ್ಡಜ್ಜ

ನಮ್ಮ ಅಜ್ಜನ ಅಣ್ಣ ಎರಡನೇ ಮಹಾಯುದ್ಧದಲ್ಲಿ ಬರ್ಮಾಕ್ಕೆ ಹೋಗಿ ಅಲ್ಲೇ ತೀರಿಕೊಂಡವರು. ಮನೆಯಲ್ಲಿ ಅವರ ಬಗ್ಗೆ ಇದ್ದದ್ದು ನಾಲ್ಕು ಮಾತು. ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದರು, ಮಿಲಿಟರಿ ಸೇರಿದರು, ‘ಹದಿನಾರನೇ ಕ್ಯಾವಲ್ರಿ’ ಜೊತೆ ಇದ್ದರು, ವಾಪಸ್ ಬರಲಿಲ್ಲ.

ಅಪ್ಪನಿಗೆ ಈಗ ಎಂಬತ್ತು ದಾಟಿದೆ. ಅವರಿಗೆ ಶೌರ್ಯದ ಕಥೆಯೇನೂ ಬೇಕಿರಲಿಲ್ಲ. “ಮಣ್ಣ ಕೊಟ್ರೋ, ಸುಟ್ರೋ, ಅಷ್ಟ ತಿಳಕೊಂಡು ಹೇಳಪಾ” ಅಂದರು. ನಮ್ಮದು ಲಿಂಗಾಯತರ ಮನೆ, ಸುಡುವ ಪದ್ಧತಿ ಇಲ್ಲ. ಮುತ್ತಜ್ಜಿ ಕಣ್ಣು ಮುಚ್ಚುವವರೆಗೂ ಇದೊಂದೇ ಕೊರಗು ಇಟ್ಟುಕೊಂಡಿದ್ದರಂತೆ.

ಹುಡುಕಲು ಕೂತಾಗ ಮೊದಲಿಗೇ ಒಂದು ವಿಷಯ ತಾಳೆಯಾಗಲಿಲ್ಲ. ಕ್ಯಾವಲ್ರಿ ಅಂದರೆ ಕುದುರೆ ದಳ, ಈ ಯುದ್ಧದ ಹೊತ್ತಿಗೆ ಕುದುರೆ ಹೋಗಿ ಉಕ್ಕಿನ ಕವಚದ ಆರ್ಮರ್ಡ್ ಕಾರುಗಳು ಬಂದಿದ್ದವು. 16ನೇ ಲೈಟ್ ಕ್ಯಾವಲ್ರಿ ರೆಜಿಮೆಂಟು 1776ರಷ್ಟು ಹಳೆಯದು, ಮೂಲ ಮದ್ರಾಸಿನ ಕಡೆಯದೇ. ಆದರೆ 1945ರ ಹೊತ್ತಿಗೆ ಅದರಲ್ಲಿದ್ದ ಜವಾನರು ಜಾಟರು, ರಜಪೂತರು, ಹೀಗೆ ಉತ್ತರದವರು. ದಕ್ಷಿಣದವರನ್ನು ತುಂಬಿಕೊಂಡದ್ದು ಯುದ್ಧ ಮುಗಿದ ಮೇಲೆ. ಹಾಗಿದ್ದರೆ ಹುಬ್ಬಳ್ಳಿಯ ಫಿಟ್ಟರ್ ಅಲ್ಲಿ ಏನು ಮಾಡುತ್ತಿದ್ದರು?

ಉತ್ತರ ಸಿಕ್ಕಿದ್ದು ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ದಾಖಲೆಯಲ್ಲಿ. ಯಾರು ಬೇಕಾದರೂ ಆನ್‌ಲೈನ್‌ನಲ್ಲಿ ಪುಕ್ಕಟೆ ನೋಡಬಹುದು. ಹೆಸರು, ತಂದೆಯ ಹೆಸರು, ಗುರುತೇ ಸಿಗದ ಹಾಗೆ ಬರೆದ ನಮ್ಮೂರಿನ ಹೆಸರು, ಸತ್ತ ದಿನ. ದಳದ ಜಾಗದಲ್ಲಿ ಮಾತ್ರ ಇಂಡಿಯನ್ ಎಲೆಕ್ಟ್ರಿಕಲ್ ಅಂಡ್ ಮೆಕ್ಯಾನಿಕಲ್ ಎಂಜಿನಿಯರ್ಸ್ ಅಂತಿತ್ತು. 1943ರ ಮೇ 1ರಂದು ಕಟ್ಟಿದ ದಳ ಅದು. ಟ್ಯಾಂಕು, ಆರ್ಮರ್ಡ್ ಕಾರುಗಳ ರೆಜಿಮೆಂಟಿನ ಬೆನ್ನಿಗೆ ರಿಪೇರಿಯವರ ಒಂದು ಸಣ್ಣ ತಂಡ ಇರುತ್ತಿತ್ತು. ಕೆಟ್ಟ ಗಾಡಿಯನ್ನು ಎಳೆದು ತರುವುದು, ರಾತ್ರೋರಾತ್ರಿ ಸರಿಮಾಡಿ ಬೆಳಗ್ಗೆ ಮತ್ತೆ ಓಡಿಸುವುದು ಅವರ ಕೆಲಸ. ನಮ್ಮವರು ಕುದುರೆಯನ್ನೂ ಹತ್ತಿರಲಿಲ್ಲ, ತೋಪನ್ನೂ ಹಾರಿಸಿರಲಿಲ್ಲ. ಸ್ಪ್ಯಾನರ್ ಹಿಡಿದೇ ಯುದ್ಧಕ್ಕೆ ಹೋದವರು.

16ನೇ ಕ್ಯಾವಲ್ರಿ ರೆಜಿಮೆಂಟು ಯುದ್ಧದಲ್ಲಿ ದಿನದಿನ ಬರೆದಿಟ್ಟ ದಿನಚರಿ ಇರುವುದು ಲಂಡನ್ನಿನ ಕ್ಯೂ ಎಂಬಲ್ಲಿನ ನ್ಯಾಷನಲ್ ಆರ್ಕೈವ್ಸ್‌ನಲ್ಲಿ. ಅಲ್ಲೇ ಹತ್ತಿರದ ಊರಲ್ಲಿರುವ ಅಣ್ಣನ ಮಗಳು ಹೋಗಿ, ರೀಡರ್ ಟಿಕೆಟ್ ಮಾಡಿಸಿ, ಪುಟಗಳ ಫೋಟೊ ತೆಗೆದು ವಾಟ್ಸಾಪಿಗೆ ಹಾಕಿದಳು. ಭಾನುವಾರ ಅಪ್ಪನೂ ನಾನೂ ಊಟ ಮುಗಿಸಿ ಅದನ್ನು ಹಿಡಿದು ಕೂತೆವು.

ಆಗಿನ ಕಮಾಂಡಿಂಗ್ ಆಫೀಸರ್ ಜೆ.ಎನ್. ಚೌಧುರಿ. ಹೆಸರು ಕೇಳಿದ್ದೇ ಅಪ್ಪ ನೆಟ್ಟಗೆ ಕೂತರು. 1948ರಲ್ಲಿ ನಿಜಾಮನ ಹೈದರಾಬಾದಿಗೆ ಸೇನೆ ನುಗ್ಗಿಸಿದ ಚೌಧುರಿ ಇವರೇ. ಬೀದರ, ಕಲಬುರಗಿ ಕಡೆಯ ಹಿರಿಯರಿಗೆ ಹೇಳಿಕೊಡಬೇಕಾದ ಹೆಸರಲ್ಲ.

1945ರ ಫೆಬ್ರವರಿ 21ಕ್ಕೆ ಐರಾವತಿ ದಂಡೆಯ ನ್ಯಾಂಗು ಬಿಟ್ಟು, ಜಪಾನಿಯರ ಕೈಯಲ್ಲಿದ್ದ ನಡು ಬರ್ಮಾದ ಮೀಕ್ಟಿಲಾ ಊರಿನ ಕಡೆ ಹೊರಟರು. ಶೆರ್ಮನ್ ಟ್ಯಾಂಕುಗಳಿದ್ದ 255ನೇ ಟ್ಯಾಂಕ್ ಬ್ರಿಗೇಡು, 17ನೇ ಡಿವಿಜನ್ನು, ಅವುಗಳ ದಾರಿ ನೋಡಲು ಆರ್ಮರ್ಡ್ ಕಾರುಗಳು. ಡೈಮ್ಲರ್ ಆರ್ಮರ್ಡ್ ಕಾರು ನನಗೆ ಬಹಳ ಹಿಡಿಸಿತು. ಹಿಂದುಗಡೆಯೂ ಒಂದು ಸ್ಟಿಯರಿಂಗ್. ಎದುರಿಗೆ ಶತ್ರು ಸಿಕ್ಕಿಬಿಟ್ಟರೆ ತಿರುಗಿಸುತ್ತ ಕೂರುವ ಹಾಗಿಲ್ಲವಲ್ಲ, ಹಿಂದೆ ಕೂತವನು ಹಾಗೇ ರಿವರ್ಸ್ ಓಡಿಸಬಹುದು. ರಿವರ್ಸಿನಲ್ಲೂ ಐದು ಗೇರು. ಫಿಟ್ಟರಿಗೆ ಎಂಥ ತಲೆನೋವು ಆಗಿರಬೇಡ!

ಮಾರ್ಚ್ ಮೊದಲ ವಾರ ಊರು ಕೈಗೆ ಬಂತು. ಆಮೇಲೆ ಜಪಾನಿಯರೇ ಸುತ್ತ ಮುತ್ತಿಗೆ ಹಾಕಿದರು. ಸಾಮಾನು ಬರುವುದೆಲ್ಲ ವಿಮಾನದಲ್ಲಿ. ಬೆಳಗಾದರೆ ಏರ್‌ಫೀಲ್ಡಿನಿಂದ ಜಪಾನಿಯರನ್ನು ಓಡಿಸಬೇಕು, ಆಮೇಲೇ ವಿಮಾನ ಇಳಿಯಬೇಕು. ದಾರಿಯಲ್ಲಿ ತೋಡಿದ ಗುಂಡಿಗಳಲ್ಲಿ ವಿಮಾನದ ಬಾಂಬನ್ನು ಮೊಣಕಾಲ ನಡುವೆ ಇಟ್ಟುಕೊಂಡು, ಕೈಯಲ್ಲಿ ಕಲ್ಲು ಹಿಡಿದು ಕೂತ ಜಪಾನಿ ಸೈನಿಕರು ಸಿಗುತ್ತಿದ್ದರು. ಟ್ಯಾಂಕು ಮೇಲೆ ಬಂದಾಗ ಕುಟ್ಟಿ ಸಿಡಿಸಲಿಕ್ಕೆ. ಇದನ್ನು ಓದಿ ಹೇಳಿದಾಗ ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ದಿನಚರಿಯಲ್ಲಿ ಆಫೀಸರುಗಳಿಗೆ ಹೆಸರಿದೆ. ಜವಾನರೆಲ್ಲ ಬರೀ ಲೆಕ್ಕ: ಇಷ್ಟು ಜನ ಸತ್ತರು, ಇಷ್ಟು ಜನಕ್ಕೆ ಗಾಯ. ಗಾಡಿಯ ಬಗ್ಗೆಯಾದರೆ ಎಲ್ಲಿ ನಿಂತಿತು, ಎಷ್ಟು ಗಂಟೆಗೆ ಎಳೆದು ತಂದರು, ಎಲ್ಲ ಉಂಟು. ನನಗೆ ಸಿಟ್ಟು ಬಂತು, ಸುಳ್ಳೇಕೆ. ಆದರೆ ಕೊನೆಗೆ ಆ ಗಾಡಿಯ ಲೆಕ್ಕದಿಂದಲೇ ದೊಡ್ಡಜ್ಜ ಸಿಕ್ಕಿದ್ದು. ಸಮಾಧಿ ಆಯೋಗದ ದಾಖಲೆಯ ತಾರೀಕಿನ ದಿನವೇ, ಪೆಟ್ಟು ತಿಂದ ಕಾರೊಂದನ್ನು ತರಲು ಹೋದ ರಿಪೇರಿ ತಂಡದಲ್ಲಿ ಒಬ್ಬ ಸತ್ತ ಅಂತ ಒಂದು ಸಾಲು. ಪೆನ್ಸಿಲ್ಲಿನಲ್ಲಿ ಬರೆದದ್ದು.

ಅಪ್ಪನ ಪ್ರಶ್ನೆ ಹಾಗೇ ಉಳಿದಿತ್ತು. ಯಾಂಗೂನ್ (ಆಗಿನ ರಂಗೂನ್) ಹತ್ತಿರದ ತಾಕ್ಯಾನ್ ಯುದ್ಧ ಸ್ಮಶಾನದಲ್ಲಿ, ಸುಟ್ಟವರ ಹೆಸರಿಗೆ ಬೇರೆಯೇ ಒಂದು ಸ್ಮಾರಕ ಇದೆ. ಅದರಲ್ಲಿ ಇವರಿಲ್ಲ. ಇವರ ಹೆಸರು ಇರುವುದು ಅಲ್ಲಿಯದೇ ರಂಗೂನ್ ಸ್ಮಾರಕದ ಕಂಬಗಳ ಮೇಲೆ, ಗೋರಿ ಎಲ್ಲಿದೆಯೆಂದು ಗೊತ್ತಿಲ್ಲದ ಸುಮಾರು 27,000 ಜನರ ಜೊತೆ. ಮೀಕ್ಟಿಲಾದಲ್ಲಿ ಹೂತವರನ್ನು ಯುದ್ಧದ ನಂತರ ಈ ತಾಕ್ಯಾನ್‌ಗೇ ತಂದರು. ಅಲ್ಲಿ ಗುರುತು ಸಿಗದ ಗೋರಿಗಳೇ 860ಕ್ಕೂ ಜಾಸ್ತಿ.

“ಅಂದ್ರ ಮಣ್ಣ ಕೊಟ್ಟಾರ” ಅಂದರು ಅಪ್ಪ.

ಹಾಗೆ ಖಚಿತ ಹೇಳಲಿಕ್ಕಾಗಲ್ಲ, ಸುಟ್ಟು ಎಲ್ಲೂ ಬರೆದಿಡದೇ ಇರಬಹುದು ಅಂತ ನಾನು ಬಾಯಿ ತೆರೆಯುವಷ್ಟರಲ್ಲಿ ಅವರು ಗದಗಿನ ಅತ್ತೆಗೆ ಫೋನ್ ಹಚ್ಚಿದ್ದರು. ಸುಮ್ನಾದೆ. ದೊಡ್ಡಜ್ಜನ ರಿಪೇರಿ ದಳಕ್ಕೆ ಈಗ ಇಎಂಇ ಅಂತ ಹೆಸರು; ಸಿಕಂದರಾಬಾದಿನ ಅದರ ದಾಖಲೆ ಕಚೇರಿ ಇಎಂಇ ರೆಕಾರ್ಡ್ಸ್‌ಗೆ ಒಂದು ಕಾಗದ ಬರೆದಿಟ್ಟಿದ್ದೇನೆ. ಪೋಸ್ಟ್ ಮಾಡುವ ಮುಂಚೆ ಅಪ್ಪನಿಗೆ ಹೇಳಬೇಕೋ ಬೇಡವೋ ಅಂತ ಯೋಚಿಸುತ್ತಿದ್ದೇನೆ.