ಅಟ್ಟದ ಕೊಬ್ಬರಿಯ ಟಾರ್ಟ್

ನನ್ನ ಹೆಂಡತಿಗೆ ಕ್ರೀಮ್ ಕೇಕ್ ಆಗಲ್ಲ. ಮದುವೆಯಾಗಿ ಹದಿನಾಲ್ಕು ವರ್ಷ ಆಯ್ತು, ಅವಳ ಹುಟ್ಟುಹಬ್ಬಕ್ಕೆ ತಂದ ಕೇಕುಗಳನ್ನೆಲ್ಲ ತಿಂದಿರೋದು ನಾನು ಮತ್ತು ಮಗಳು. ಅವಳು ಮೇಲಿನ ಚೆರ್ರಿ ಒಂದನ್ನು ಎತ್ತಿಕೊಂಡು "ಸಾಕು" ಅಂತಾಳೆ. ಹುಳಿ ಅಂದರೆ ಮಾತ್ರ ಜೀವ. ನಾವು ಚಿತ್ರಾನ್ನಕ್ಕೆ ಒಂದು ನಿಂಬೆಹಣ್ಣು ಹಿಂಡಿದರೆ ಅವಳು ತಟ್ಟೆಗೆ ಬಡಿಸಿಕೊಂಡ ಮೇಲೆ ಇನ್ನೊಂದು ಹೋಳು ಹಿಂಡಿಕೊಳ್ಳುವವಳು. ಅದಕ್ಕೇ ಈ ಆಗಸ್ಟಿನಲ್ಲಿ ನಿಂಬೆ, ತೆಂಗು ಎರಡೂ ಇರುವ ಟಾರ್ಟ್ ಮಾಡೋಣ ಅಂತ ಹೊರಟೆ. ಟಾರ್ಟ್ ಅಂದರೆ ಬಿಸ್ಕತ್ತಿನಂಥ ತಳ ಬೇಯಿಸಿ, ಅದರೊಳಗೆ ಹೂರಣ ತುಂಬುವ ಸಿಹಿ.

ಮನೆಯಲ್ಲಿ ಓಟಿಜಿ ಇದೆ, ಕರೆಂಟಿನ ಸಣ್ಣ ಓವನ್. 2020ರ ಲಾಕ್‌ಡೌನ್‌ನಲ್ಲಿ ಎಲ್ಲರಂತೆ ನಾನೂ ಬ್ರೆಡ್ ಮಾಡುವ ಹುಚ್ಚು ಹತ್ತಿಸಿಕೊಂಡು ತಂದದ್ದು. ನಾಲ್ಕು ಬ್ರೆಡ್ ಆದ ಮೇಲೆ ಅದರ ತಲೆ ಮೇಲೆ ಕರೆಂಟ್ ಬಿಲ್ಲು, ಗ್ಯಾಸ್ ಪುಸ್ತಕ ಬಂದು ಕೂತಿದ್ದವು. ಅವನ್ನೆಲ್ಲ ಕೆಳಗಿಳಿಸಿ ಒರೆಸಿದೆ.

ಮೊದಲ ತೊಡಕು ಹಣ್ಣಿನದ್ದು. ನಾನು ನೋಡಿದ ವಿಡಿಯೋಗಳಲ್ಲೆಲ್ಲ "ಕೀ ಲೈಮ್" ಅಂತ ಹೇಳ್ತಿದ್ದರು. ಅಮೆರಿಕದ ಫ್ಲೋರಿಡಾದ ದಕ್ಷಿಣ ತುದಿಯಲ್ಲಿ ಸಾಲಾಗಿರುವ ಸಣ್ಣ ದ್ವೀಪಗಳಿಗೆ ಕೀಸ್ ಅಂತ ಹೆಸರು. ಕೀ ಲೈಮ್ ಪೈ ಅಲ್ಲಿನ ತಿಂಡಿ, ಟಾರ್ಟಿನದೇ ಜಾತಿ. 2006ರಲ್ಲಿ ಫ್ಲೋರಿಡಾ ಅದನ್ನು ತನ್ನ ರಾಜ್ಯದ ಅಧಿಕೃತ ಪೈ ಅಂತಲೇ ಮಾಡಿಕೊಂಡಿದೆ. (ನಮ್ಮಲ್ಲೂ ಹೀಗೆ ಒಂದು ತಿಂಡಿ ಆರಿಸಿ ಅಂದರೆ ಮೈಸೂರು ಪಾಕಿನವರಿಗೂ ಧಾರವಾಡ ಪೇಡೆಯವರಿಗೂ ಜಗಳ ಗ್ಯಾರಂಟಿ.) ಸರಿ, ಈ ಹಣ್ಣು ಬೆಂಗಳೂರಲ್ಲಿ ಎಲ್ಲಿ ಸಿಗುತ್ತೆ ಅಂತ ಎರಡು ದಿನ ಹುಡುಕಿದೆ. ಆಮೇಲೆ ಗೊತ್ತಾಯಿತು, ಅದರ ಸಸ್ಯಶಾಸ್ತ್ರದ ಹೆಸರು ಸಿಟ್ರಸ್ ಔರಾಂಟಿಫೋಲಿಯಾ. ಅಂದರೆ ನಮ್ಮ ಕಾಗದಿ ನಿಂಬೆ. ಇಂಡಿ ಕಡೆಯವರು ಚೀಲಗಟ್ಟಲೆ ಬೆಳೆದು ಕಳಿಸುವ ಲಿಂಬೆ. ವಾಹನ ಪೂಜೆಗೆ ಚಕ್ರದ ಕೆಳಗೆ ಇಡ್ತೀವಲ್ಲ, ಅದೇ. ಎರಡು ದಿನ ಹುಡುಕಿದ ಹಣ್ಣು ಫ್ರಿಜ್ಜಿನ ಬಾಗಿಲಲ್ಲೇ ಇತ್ತು.

ಇನ್ನೂ ತಮಾಷೆ ಅಂದರೆ, ಫ್ಲೋರಿಡಾದಲ್ಲೇ ಈಗ ಈ ಹಣ್ಣಿನ ತೋಟ ಅಷ್ಟಾಗಿ ಇಲ್ಲ. 1926ರ ಚಂಡಮಾರುತದಲ್ಲಿ ತೋಟಗಳು ಹಾಳಾದ ಮೇಲೆ ಅಲ್ಲಿನವರು ಬೀಜವಿಲ್ಲದ, ದಪ್ಪ ಪರ್ಷಿಯನ್ ಲೈಮ್ ಕಡೆಗೆ ತಿರುಗಿದರು. ಅವರಿಗೆ ಅಪರೂಪವಾದದ್ದು ನನಗೆ ತಳ್ಳುಗಾಡಿಯಲ್ಲಿ ಹತ್ತರ ಲೆಕ್ಕದಲ್ಲಿ ಸಿಕ್ಕಿತು. ಮಳೆಗಾಲವಾದ್ದರಿಂದ ರೇಟೂ ಇಳಿದಿತ್ತು. ಏಪ್ರಿಲ್‌ನಲ್ಲಿ ಆಗಿದ್ದರೆ ಅಷ್ಟೊಂದು ನಿಂಬೆ ಹಿಂಡಲು ಕೈ ಬರುತ್ತಿರಲಿಲ್ಲ.

ಒಳಗೆ ತುಂಬುವುದಕ್ಕೆ ಮೊಟ್ಟೆ ಹಾಕುವ ಹಾಗಿರಲಿಲ್ಲ, ನಮ್ಮ ಮನೆಗೆ ಅದು ಬರಲ್ಲ. ಅದೇನೂ ದೊಡ್ಡ ಕಷ್ಟ ಆಗಲಿಲ್ಲ. 400 ಗ್ರಾಂ ಕಂಡೆನ್ಸ್ಡ್ ಮಿಲ್ಕ್, ಬಟ್ಟೆಯಲ್ಲಿ ಕಟ್ಟಿ ತೂಗುಹಾಕಿ ನೀರಿಳಿಸಿದ 200 ಗ್ರಾಂ ಮೊಸರು, ಅರ್ಧ ಕಪ್ ನಿಂಬೆರಸ. ಅರ್ಧ ಕಪ್ಪಿಗೆ ನನಗೆ ಒಂಬತ್ತು ಹಣ್ಣು ಬೇಕಾದವು. ಹಾಲಿಗೆ ನಿಂಬೆ ಹಿಂಡಿದರೆ ಒಡೆಯುತ್ತೆ ಅಲ್ವಾ? ಕಂಡೆನ್ಸ್ಡ್ ಮಿಲ್ಕ್ ಒಡೆಯಲ್ಲ. ಅದರಲ್ಲಿ ಸಕ್ಕರೆ ಅಷ್ಟು ಜಾಸ್ತಿ, ನೀರು ಅಷ್ಟು ಕಮ್ಮಿ. ಹುಳಿ ಬಿದ್ದ ತಕ್ಷಣ ಸೌಟಿನ ಕೆಳಗೆ ಅದು ಗಟ್ಟಿಯಾಗುತ್ತಾ ಬರುತ್ತೆ, ಕೈಗೇ ಗೊತ್ತಾಗುತ್ತೆ. ಮಗಳು ಪಕ್ಕದಲ್ಲಿ ನಿಂತು "ಅಪ್ಪ, ಇದೇನು ಮ್ಯಾಜಿಕ್ಕಾ?" ಅಂದಳು. ಎಂಟನೇ ಕ್ಲಾಸಿನಲ್ಲಿ ಆಮ್ಲ, ಪ್ರೋಟೀನು ಎಲ್ಲ ಓದ್ತಾಳೆ, ಆದರೂ ಮ್ಯಾಜಿಕ್ಕೇ.

ನಿಂಬೆ ಸಿಪ್ಪೆ ತುರಿಯುವುದಂತೂ ನಾಜೂಕಿನ ಕೆಲಸ. ನಮ್ಮ ನಿಂಬೆಯ ಸಿಪ್ಪೆ ಹೆಸರಿಗೆ ತಕ್ಕ ಹಾಗೆ ಕಾಗದದಷ್ಟು ತೆಳು. ಒಂದು ಸಲ ಹೆಚ್ಚಿಗೆ ಉಜ್ಜಿದರೆ ಬಿಳಿ ಭಾಗ ಬಂದು ಕಹಿ. ಹಳದಿ ತಿರುಗಿದ ಹಣ್ಣು ಇದಕ್ಕೆ ಬೇಡ, ಹಸಿರು ಇನ್ನೂ ಉಳಿದಿರುವುದನ್ನೇ ಆರಿಸಿಕೊಳ್ಳಿ. ಘಮ ಅದರಲ್ಲೇ ಜಾಸ್ತಿ.

ನನ್ನನ್ನು ಕೆಡವಿದ್ದು ತಳ.

ತೆಂಗು ಅಂದರೆ ತೆಂಗಿನತುರಿ ಅಂತ ತಿಳಿದು, ಮೈದಾ ಮತ್ತು ಬೆಣ್ಣೆಗೆ ಒಂದು ಹೋಳು ಹಸಿಕಾಯಿ ತುರಿದು ಹಾಕಿದೆ. ಒಂಬತ್ತು ಇಂಚಿನ ತಟ್ಟೆಗೆ ಒತ್ತಿ, ಮೇಲೆ ಬಟರ್ ಪೇಪರ್ ಹಾಸಿ, ಉಬ್ಬದಿರಲಿ ಅಂತ ಎರಡು ಲೋಟ ಕಡಲೆಕಾಳು ಸುರಿದು, 180 ಡಿಗ್ರಿಯಲ್ಲಿ ಬೇಯಿಸಿದೆ. ಇಪ್ಪತ್ತು ನಿಮಿಷ ಆದರೂ ಬೆಳ್ಳಗೇ ಇತ್ತು. ಮೂವತ್ತೈದು ನಿಮಿಷಕ್ಕೆ ಅಂಚು ಕಪ್ಪಾಯಿತು, ನಡು ಮಾತ್ರ ನೆನೆದ ರಸ್ಕಿನ ಹಾಗೆ. ಚಾಕು ಹಾಕಿದರೆ ಕತ್ತರಿಸಲಿಲ್ಲ, ಮಡಚಿಕೊಂಡಿತು. ಹೆಂಡತಿ ನೋಡಿ "ಚೆನ್ನಾಗಿದೆ ರೀ, ನಿಂಬೆ ಉಪ್ಪಿಟ್ಟಿನ ತರ" ಅಂದಳು. ಹುಟ್ಟುಹಬ್ಬಕ್ಕೆ ಇನ್ನೂ ಎಂಟು ದಿನ ಇತ್ತು, ಬಚಾವಾದೆ.

ಆವತ್ತು ರಾತ್ರಿ ಊರಿಂದ ಅಪ್ಪನ ಫೋನು. ನಮ್ಮದು ತಿಪಟೂರು ಹತ್ತಿರದ ಹಳ್ಳಿ. ಅಪ್ಪನಿಗೆ ಎಪ್ಪತ್ತಾರು. ಓವನ್ ಅಂದರೆ ಏನು ಅಂತ ಅವರಿಗೆ ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ. ಮಾತಿಗೆ ಮಾತು ಬಂದು ಹೀಗೀಗಾಯ್ತು ಅಂದೆ.

"ಏನ್ ಹಾಕ್ದೆ ಅದಕ್ಕೆ?"

"ಕಾಯಿತುರಿ."

"ಹಸೀದಾ? ಅದರಾಗೆ ಅರ್ಧಕ್ಕರ್ಧ ನೀರೇ ಅಲ್ವೇನಲಾ. ಕರ್ಜಿಕಾಯಿಗೆ ನಿಮ್ಮಮ್ಮ ಯಾವತ್ತಾದ್ರೂ ಹಸಿಕಾಯಿ ಹಾಕವ್ಳಾ? ಕೊಬ್ಬರಿ ಹಾಕು."

ಅಷ್ಟೇ. ಮೂರು ವಿಡಿಯೋ ನೋಡಿದ್ದವನಿಗೆ ಹೊಳೆಯದ್ದು ಅರ್ಧ ನಿಮಿಷದಲ್ಲಿ ಮುಗಿಯಿತು. ಅಪ್ಪ ಹೇಳಿದ ಲೆಕ್ಕವೂ ಸರಿಯೇ. ಹಸಿಕಾಯಲ್ಲಿ ಹತ್ತಿರ ಹತ್ತಿರ ಅರ್ಧ ತೂಕ ನೀರು. ಚೆನ್ನಾಗಿ ಒಣಗಿದ ಕೊಬ್ಬರಿಯಲ್ಲಿ ನೂರಕ್ಕೆ ಆರೇಳು ಭಾಗ ಉಳಿದರೆ ಹೆಚ್ಚು. ಉಳಿದದ್ದರಲ್ಲಿ ಬಹುಪಾಲು ಎಣ್ಣೆ.

ನಮ್ಮ ಕಡೆಯ ಉಂಡೆ ಕೊಬ್ಬರಿ ಬಿಸಿಲಿಗೆ ಹರಡಿ ಒಣಗಿಸಿದ್ದಲ್ಲ. ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಏರಿಸಿಬಿಡ್ತಾರೆ. ಹತ್ತು, ಹನ್ನೊಂದು ತಿಂಗಳು ಅದು ಅಲ್ಲೇ. ಒಳಗಿನ ನೀರು ತಾನಾಗಿ ಇಂಗಬೇಕು, ಕೊಬ್ಬರಿ ಕರಟ ಬಿಟ್ಟುಕೊಳ್ಳಬೇಕು. ಚಿಕ್ಕವನಿದ್ದಾಗ ಅಪ್ಪ ಅಟ್ಟದ ಏಣಿ ಮೇಲೆ ನಿಂತು ಒಂದೊಂದೇ ಕಾಯಿಯನ್ನು ಕಿವಿ ಹತ್ತಿರ ಅಲ್ಲಾಡಿಸಿ ನೋಡುತ್ತಿದ್ದರು. ಗುಳುಗುಳು ಅಂದರೆ ವಾಪಸ್. ಏನೂ ಸದ್ದಿಲ್ಲ ಅಂದರೂ ವಾಪಸ್. ಗೊಟಗೊಟ ಅಂತ ಒಳಗೆ ಉಂಡೆ ಉರುಳಿದರೆ ಕೆಳಗೆ ನಿಂತಿದ್ದ ನನ್ನ ಕೈಗೆ. ಸುಲಿದು, ಕರಟವನ್ನು ಮಚ್ಚಿನ ಹಿಂಬದಿಯಿಂದ ಸುತ್ತಲೂ ತಟ್ಟಿ ಬಿಡಿಸುವುದು ಅಮ್ಮನ ಕೆಲಸ. ಉಂಡೆ ಒಡೆದರೆ ಮಾರ್ಕೆಟ್ಟಿನಲ್ಲಿ ಬೆಲೆ ಬೀಳುತ್ತೆ. ಒಡೆದದ್ದು ಬೆಲ್ಲದ ಜೊತೆ ನಮ್ಮ ಬಾಯಿಗೆ. ಹಾಗಾಗಿ ನಾನು ಸುಮ್ನೆ ಪಕ್ಕದಲ್ಲಿ ಕೂತು ಒಡೆಯಲಿ ಅಂತ ಬೇಡಿಕೊಳ್ಳುತ್ತಿದ್ದೆ.

ಆ ಕೊಬ್ಬರಿ ನಮ್ಮ ಡಬ್ಬದಲ್ಲೇ ಇತ್ತು, ಸಾರಿನ ಪುಡಿಗೆ ಅಂತ. ಎರಡನೇ ಸಲ ಅದನ್ನು ಚೂರು ಮಾಡಿ ಮಿಕ್ಸಿಗೆ ಹಾಕಿ ತಿರುಗಿಸಿದೆ. ಮಾಡಬೇಡಿ. ಪುಡಿ ಆಗುವ ಹೊತ್ತಿಗೆ ಎಣ್ಣೆ ಬಿಟ್ಟುಕೊಂಡು ಜಾರಿನ ಗೋಡೆಗೆ ಮೆತ್ತಿಕೊಂಡಿತು. ಅದರ ಮೇಲೆ 120 ಗ್ರಾಂ ಬೆಣ್ಣೆ ಬೇರೆ. ಬೆಂದು ಹೊರಗೆ ಬಂದಾಗ ತಟ್ಟೆಯ ಅಂಚಿನಲ್ಲಿ ಎಣ್ಣೆ ಹೊಳೆಯುತ್ತಿತ್ತು. ಮುಟ್ಟಿದರೆ ಉದುರುತ್ತಿತ್ತು. ಆದರೆ ರುಚಿ! ಮಗಳು ತಟ್ಟೆಯಿಂದಲೇ ಕೆರೆದು ಮುಗಿಸಿದಳು. ದಾರಿ ಸರಿ ಇದೆ, ಅಳತೆ ಮಾತ್ರ ತಪ್ಪಿದೆ ಅಂತ ಧೈರ್ಯ ಬಂತು.

ಮೂರನೇ ಸಲ ಹೀಗೆ ಮಾಡಿದೆ. ಅರ್ಧ ಕೊಬ್ಬರಿಯ ಹೊರಗಿನ ಕಂದು ಸಿಪ್ಪೆಯನ್ನು ಪೀಲರ್‌ನಿಂದ ಹೆರೆದು ತೆಗೆದೆ. ತುರಿಮಣೆಯ ಸಣ್ಣ ತೂತಿನಲ್ಲಿ ತುರಿದರೆ 60 ಗ್ರಾಂ ಬಂತು. ಬೆರಳ ತುದಿಯೂ ಸ್ವಲ್ಪ ಹೋಯಿತು, ಇರಲಿ. ಅದನ್ನು 150 ಗ್ರಾಂ ಮೈದಾ, 40 ಗ್ರಾಂ ಸಕ್ಕರೆ ಪುಡಿ ಜೊತೆ ಕೈಯಲ್ಲೇ ಬೆರೆಸಿದೆ. ಮೈದಾ ಸುತ್ತಿಕೊಂಡರೆ ಎಣ್ಣೆ ಹೊರಗೆ ಬರಲ್ಲ. ಬೆಣ್ಣೆ 80 ಗ್ರಾಂಗೆ ಇಳಿಸಿದೆ, ಫ್ರಿಜ್ಜಿನಿಂದ ಆಗ ತಾನೇ ತೆಗೆದದ್ದು. ಉಪ್ಪಿರುವ ಬೆಣ್ಣೆಯಾದ್ದರಿಂದ ಬೇರೆ ಉಪ್ಪು ಬೇಡ. ಮುಷ್ಟಿ ಕಟ್ಟಿದರೆ ನಿಲ್ಲುವಷ್ಟು ತಣ್ಣನೆ ಹಾಲು, ಎರಡು ಚಮಚ. ತಟ್ಟೆಗೆ ಒತ್ತಿ ಅರ್ಧ ಗಂಟೆ ಫ್ರಿಜ್ಜಿಗೆ. ಕಡಲೆಕಾಳು ಹಾಕಿ 15 ನಿಮಿಷ, ತೆಗೆದು ಇನ್ನು ಹತ್ತು. ಕೊನೆಯ ಹತ್ತು ನಿಮಿಷ ಎದುರಿಗೇ ನಿಂತಿರಿ. ಕೊಬ್ಬರಿ ಹೊಂಬಣ್ಣದಿಂದ ಕಪ್ಪಿಗೆ ಹೋಗಲು ಹೇಳಿ ಕೇಳಿ ಹೋಗಲ್ಲ.

ತಳ ಆರಿದ ಮೇಲೆ ನಿಂಬೆಯದ್ದು ಸುರಿದು 160 ಡಿಗ್ರಿಗೆ ಇಳಿಸಿ, ಕೆಳಗಿನ ರಾಡ್ ಒಂದನ್ನೇ ಹಾಕಿ ಹದಿನೈದು ನಿಮಿಷ. ಹನ್ನೆರಡನೇ ನಿಮಿಷಕ್ಕೆ ಕರೆಂಟ್ ಹೋಯಿತು. ಬಾಗಿಲು ತೆಗೆಯದೆ ಹಾಗೇ ಬಿಟ್ಟೆ. ಒಳಗಿನ ಕಾವಿಗೇ ಬೆಂದುಕೊಂಡಿತು. ತಟ್ಟೆ ಅಲ್ಲಾಡಿಸಿದರೆ ನಡುವೆ ಗಿಣ್ಣಿನ ಹಾಗೆ ತುಳುಕಬೇಕು, ಅಷ್ಟು ಸಾಕು. ರಾತ್ರಿಯೆಲ್ಲ ಫ್ರಿಜ್ಜಿನಲ್ಲಿತ್ತು. ಬೆಳಿಗ್ಗೆ ಮೇಲೆ ಹುರಿದ ಕೊಬ್ಬರಿ ಎಳೆ, ಹಸಿರು ಸಿಪ್ಪೆಯ ತುರಿ.

ಹೆಂಡತಿ ಎರಡು ತುಂಡು ತಿಂದಳು. ಮೂರನೆಯದಕ್ಕೆ ಫ್ರಿಜ್ಜಿನ ಬೆಳಕಲ್ಲಿ ರಾತ್ರಿ ಹನ್ನೊಂದಕ್ಕೆ ಸಿಕ್ಕಿಬಿದ್ದಳು. ಹಿಂಡಿ ಉಳಿದಿದ್ದ ನಿಂಬೆ ಹೋಳುಗಳನ್ನು ಆಗಲೇ ಉಪ್ಪು ಹಾಕಿ ಜಾಡಿಗೆ ತುಂಬಿದ್ದಳು, ಉಪ್ಪಿನಕಾಯಿಗೆ.

ಮರುದಿನ ಅಪ್ಪ ಬಂದರು, ಆಸ್ಪತ್ರೆಗೆ ಕಣ್ಣು ತೋರಿಸಲು. ಒಂದು ತುಂಡು ತಟ್ಟೆಗೆ ಹಾಕಿಕೊಟ್ಟೆ. ಚಮಚ ಪಕ್ಕಕ್ಕಿಟ್ಟು ಕೈಯಲ್ಲಿ ಮುರಿದರು. ನಿಂಬೆಯದ್ದು ನಾಲಿಗೆಗೆ ತಾಗಿದ್ದೇ ಒಂದು ಕಣ್ಣು ಮುಚ್ಚಿಕೊಂಡರು. ಆಮೇಲೆ ಬೆರಳಿನಿಂದ ಮೇಲಿನದ್ದನ್ನೆಲ್ಲ ತಟ್ಟೆಯ ಅಂಚಿಗೆ ಸರಿಸಿ ತಳವನ್ನಷ್ಟೇ ಬಾಯಿಗೆ ಹಾಕಿಕೊಂಡರು. ನಿಧಾನಕ್ಕೆ ಅಗಿದರು.

"ಇದು ನಮ್ಮದೇ ಕಾಯಾ?"

"ಹೂಂ, ಯುಗಾದಿಗೆ ನೀವು ಕಳಿಸಿದ್ದು."

"ಚೆನ್ನಾಗಿ ಇಂಗೈತೆ" ಅಂದು, ಸರಿಸಿಟ್ಟ ನಿಂಬೆಯದ್ದನ್ನು ಸೊಸೆಯ ಕಡೆ ತಳ್ಳಿದರು. "ತಗಳಮ್ಮ, ಈ ಮೇಲಿಂದು ನೀನೇ ತಿನ್ನು. ನನಗೆ ಕೆಳಗಿಂದು ಇನ್ನೊಂದ್ ಚೂರು ಕೊಡ್ಸು."